ಕೆಂಪು ಗೆರೆ ಕಾಣೆಯೇ, ಎಲ್ಲೆಲ್ಲೂ ಕೆಂಪೇ? ಥಂಡರ್‌ಬರ್ಡ್‌ನ ಸ್ಪೆಲ್ ಚೆಕ್ ಸರಿಪಡಿಸಿಕೊಳ್ಳಿ

ಕಚೇರಿಗೆ ಇಂಗ್ಲಿಷಿನಲ್ಲಿ ಒಂದು ಮೇಲ್ ಕಳಿಸುತ್ತೀರಿ. ಆಮೇಲೆ ಸೆಂಟ್ ಫೋಲ್ಡರ್ ತೆರೆದು ನೋಡಿದರೆ, ‘ರಿಸೀವ್’ ಪದದಲ್ಲಿ ‘ಇ’ ಮತ್ತು ‘ಐ’ ಅದಲುಬದಲಾಗಿ ಕೂತಿರುವುದು ಕಣ್ಣಿಗೆ ಹೊಡೆಯುತ್ತದೆ. ಬರೆಯುವಾಗ ಒಂದೇ ಒಂದು ಕೆಂಪು ಗೆರೆ ಮೂಡಿರಲಿಲ್ಲ. ಅದೇ ಪ್ರೋಗ್ರಾಂನಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಕೂತರೆ ಕತೆ ಉಲ್ಟಾ. ಸರಿಯಾದ ಪದ, ತಪ್ಪಾದ ಪದ ಎನ್ನದೆ ಇಡೀ ಪತ್ರಕ್ಕೆ ಕೆಂಪು ಗೆರೆ ಎಳೆದಿರುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ, ಪ್ರೋಗ್ರಾಂ ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುವುದು. ಅದರಿಂದ ಸಾಮಾನ್ಯವಾಗಿ ಏನೂ ಬದಲಾಗುವುದಿಲ್ಲ. ಸ್ಪೆಲ್ ಚೆಕ್ ‘ಕೆಟ್ಟಿದೆ’ ಎಂದು ನಾವು ಅಂದುಕೊಳ್ಳುವ ಹತ್ತರಲ್ಲಿ ಒಂಬತ್ತು ಸಂದರ್ಭಗಳಲ್ಲಿ ಅದು ಕೆಟ್ಟಿರುವುದಿಲ್ಲ. ಅದಕ್ಕೆ ಯಾವ ಪದಪಟ್ಟಿಯನ್ನು ನೋಡಬೇಕೆಂದು ಗೊತ್ತಿರುವುದಿಲ್ಲ, ಅಷ್ಟೆ. ಮೊಜಿಲ್ಲಾ ಬಳಗದ ಉಚಿತ ಇಮೇಲ್ ಪ್ರೋಗ್ರಾಂ ಥಂಡರ್‌ಬರ್ಡ್ ಅನ್ನು ಇಟ್ಟುಕೊಂಡು, ತೊಂದರೆ ಎಲ್ಲಿದೆ ಎಂದು ಪತ್ತೆ ಮಾಡುವ ಮತ್ತು ಸರಿಪಡಿಸುವ ಕ್ರಮವನ್ನು ಇಲ್ಲಿ ನೋಡೋಣ. ನೀವು ಬೇರೆ ಪ್ರೋಗ್ರಾಂ ಬಳಸುತ್ತಿದ್ದರೆ ಮೆನುಗಳ ಹೆಸರು ಬೇರೆ ಇರಬಹುದು, ಹುಡುಕುವ ದಾರಿ ಹೆಚ್ಚುಕಡಿಮೆ ಇದೇ.

ಒಳಗೆ ನಡೆಯುವುದೇನು?

ಥಂಡರ್‌ಬರ್ಡ್‌ನ ಮೊದಲ ಪೂರ್ಣ ಆವೃತ್ತಿ ಬಂದದ್ದು 2004ರ ಡಿಸೆಂಬರ್‌ನಲ್ಲಿ. ಅದರಲ್ಲಿ ಈಗ ಕಾಗುಣಿತ ನೋಡುವ ಎಂಜಿನ್ನಿನ ಹೆಸರು ‘ಹನ್‌ಸ್ಪೆಲ್’. ಫೈರ್‌ಫಾಕ್ಸ್ ಮತ್ತು ಲಿಬ್ರೆಆಫೀಸ್ ಬಳಸುವುದೂ ಇದನ್ನೇ. ಹಂಗೇರಿಯ ಲಾಸ್ಲೋ ನೇಮೆತ್ ತಮ್ಮ ಭಾಷೆಗೆಂದು ಇದನ್ನು ರೂಪಿಸಿದರು. ಹಂಗೇರಿಯನ್ ಕೂಡ ಕನ್ನಡದ ಹಾಗೆ ಒಂದೇ ಪದಕ್ಕೆ ಸಾಲಾಗಿ ಪ್ರತ್ಯಯಗಳನ್ನು ಅಂಟಿಸುವ ಭಾಷೆ. ಹಾಗಾಗಿ ಬರೀ ಪದಗಳ ಪಟ್ಟಿ ಇದ್ದರೆ ಸಾಲದು, ಪ್ರತ್ಯಯ ಸೇರಿಸುವ ನಿಯಮಗಳೂ ಬೇಕು ಎಂಬ ಅರಿವು ಇದರ ರಚನೆಯಲ್ಲೇ ಇದೆ.

ಹನ್‌ಸ್ಪೆಲ್‌ನ ಪ್ರತಿಯೊಂದು ಡಿಕ್ಷನರಿಯಲ್ಲೂ ಎರಡು ಕಡತಗಳಿರುತ್ತವೆ. ಒಂದರಲ್ಲಿ ಮೂಲ ಪದಗಳು, ಇನ್ನೊಂದರಲ್ಲಿ ಆ ಪದಗಳಿಗೆ ಏನೇನು ಸೇರಬಹುದು ಎಂಬ ನಿಯಮಗಳು. ಮೊದಲ ಕಡತದಲ್ಲಿ ‘ಪುಸ್ತಕ’ ಇದ್ದು, ಎರಡನೆಯದರಲ್ಲಿ ಸರಿಯಾದ ನಿಯಮ ಇದ್ದರೆ ‘ಪುಸ್ತಕದ’, ‘ಪುಸ್ತಕದಲ್ಲಿ’, ‘ಪುಸ್ತಕಗಳು’ ಎಲ್ಲವೂ ಪಾಸಾಗುತ್ತವೆ. ನಿಯಮ ಬರೆದವರು ‘ಪುಸ್ತಕಗಳಲ್ಲಿರುವಂಥ’ ಎಂಬ ರೂಪದವರೆಗೆ ಹೋಗಿಲ್ಲದಿದ್ದರೆ, ಆ ಪದ ಎಷ್ಟೇ ಸರಿಯಿದ್ದರೂ ಕೆಂಪು ಗೆರೆ ಬೀಳುತ್ತದೆ.

ಶಾಲೆಯ ಹಾಜರಿ ಪುಸ್ತಕದ ಹಾಗೆ ಇದು: ಹೆಸರಿದ್ದರೆ ಹಾಜರು, ಇಲ್ಲದಿದ್ದರೆ ಪ್ರಶ್ನೆ. ನೀವು ಬರೆದ ವಾಕ್ಯದ ಅರ್ಥ ಅದಕ್ಕೆ ಬೇಕಿಲ್ಲ, ವ್ಯಾಕರಣವೂ ಗೊತ್ತಿಲ್ಲ. ಆದ್ದರಿಂದ ಏನೇ ತೊಂದರೆ ಬರಲಿ, ಕೇಳಿಕೊಳ್ಳಬೇಕಾದ ಪ್ರಶ್ನೆ ಮೂರೇ ಮೂರು:

1. ತಪಾಸಣೆ ಚಾಲೂ ಇದೆಯೇ?
2. ಸರಿಯಾದ ಭಾಷೆಯ ಡಿಕ್ಷನರಿ ಇದೆಯೇ, ಈ ಪತ್ರಕ್ಕೆ ಅದನ್ನೇ ಆರಿಸಿದೆಯೇ?
3. ನಾನು ಬರೆದದ್ದು ಅದು ನೋಡುವ ಜಾಗದಲ್ಲಿ, ಅದು ಓದಬಲ್ಲ ಅಕ್ಷರಗಳಲ್ಲಿ ಇದೆಯೇ?

ಮೊದಲು ಅರ್ಧ ನಿಮಿಷದ ಪರೀಕ್ಷೆ

ಸೆಟ್ಟಿಂಗ್ಸ್‌ಗೆ ಕೈ ಹಾಕುವ ಮೊದಲು ತೊಂದರೆ ಯಾವ ಬಗೆಯದೆಂದು ತಿಳಿದುಕೊಳ್ಳಿ.

1. ಹೊಸ ಮೇಲ್ ಬರೆಯುವ ಕಿಟಕಿ ತೆರೆಯಿರಿ. ಹಳೆಯ ಡ್ರಾಫ್ಟ್ ಬೇಡ, ಯಾರಿಗೋ ಕೊಡುತ್ತಿರುವ ಉತ್ತರವೂ ಬೇಡ.
2. ಪತ್ರದ ಜಾಗದಲ್ಲಿ ಇಂಗ್ಲಿಷ್ ಕೀಲಿಗಳನ್ನು ಮನಸ್ಸಿಗೆ ಬಂದ ಹಾಗೆ ಏಳೆಂಟು ಬಾರಿ ಒತ್ತಿ, ಅರ್ಥವಿಲ್ಲದ ಒಂದು ‘ಪದ’ ಮಾಡಿ.
3. ಸ್ಪೇಸ್ ಒತ್ತಿ. ಕರ್ಸರ್ ಪದದ ಮೇಲಿರುವವರೆಗೆ, ಅಂದರೆ ನೀವು ಇನ್ನೂ ಟೈಪ್ ಮಾಡುತ್ತಿರುವವರೆಗೆ, ಆ ಪದಕ್ಕೆ ಗೆರೆ ಬೀಳುವುದಿಲ್ಲ. ಅದು ದೋಷವಲ್ಲ.
4. ಪಕ್ಕದಲ್ಲಿ ಸರಳವಾದ, ಖಂಡಿತ ಸರಿಯಿರುವ ಒಂದೆರಡು ಇಂಗ್ಲಿಷ್ ಪದ ಬರೆಯಿರಿ.

ಅರ್ಥವಿಲ್ಲದ ಪದಕ್ಕೆ ಮಾತ್ರ ಗೆರೆ ಬಿದ್ದರೆ ಎಂಜಿನ್ ಸರಿಯಾಗಿದೆ. ನಿಮ್ಮ ತೊಂದರೆ ಆ ಒಂದು ಪತ್ರದ್ದು ಅಥವಾ ಆ ಒಂದು ಭಾಷೆಯದ್ದು. ಯಾವುದಕ್ಕೂ ಗೆರೆ ಬೀಳದಿದ್ದರೆ ಮುಂದಿನ ‘ಗೆರೆಯೇ ಇಲ್ಲ’ ಭಾಗ ನೋಡಿ. ಸರಿಯಾದ ಪದಕ್ಕೂ ಗೆರೆ ಬಿದ್ದರೆ ‘ಎಲ್ಲೆಲ್ಲೂ ಕೆಂಪು’ ಭಾಗಕ್ಕೆ ಹೋಗಿ.

ಗೆರೆಯೇ ಇಲ್ಲ: ಹೀಗೆ ಮಾಡಿ

ಥಂಡರ್‌ಬರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಎರಡು ಬೇರೆ ಬೇರೆ ಸ್ವಿಚ್‌ಗಳಿವೆ. ಬರೆಯುತ್ತಿದ್ದ ಹಾಗೇ ಗೆರೆ ಎಳೆಯುವುದು ಒಂದು, ಕಳಿಸುವ ಮುನ್ನ ಒಮ್ಮೆ ಪೂರ್ತಿ ಪತ್ರವನ್ನು ತಪಾಸಣೆ ಮಾಡುವುದು ಇನ್ನೊಂದು. ಒಂದನ್ನು ಹಾಕಿದರೆ ಇನ್ನೊಂದು ತಾನಾಗಿ ಚಾಲೂ ಆಗುವುದಿಲ್ಲ. ಗೊಂದಲ ಬಹುಪಾಲು ಇಲ್ಲೇ ಹುಟ್ಟುತ್ತದೆ.

1. ಬಲಮೇಲೆ ಇರುವ ಮೂರು ಗೆರೆಗಳ ಮೆನು ಒತ್ತಿ ‘ಸೆಟ್ಟಿಂಗ್ಸ್’ಗೆ ಹೋಗಿ. ಎಡಗಡೆ ‘ಕಂಪೋಸಿಷನ್’ ಆರಿಸಿ ‘ಸ್ಪೆಲ್ಲಿಂಗ್’ ಎಂಬ ಭಾಗಕ್ಕೆ ಬನ್ನಿ.

2. ‘ಎನೇಬಲ್ ಸ್ಪೆಲ್‌ಚೆಕ್ ಆ್ಯಸ್ ಯು ಟೈಪ್’ ಎಂಬುದಕ್ಕೆ ಟಿಕ್ ಹಾಕಿ. ಕೆಂಪು ಗೆರೆಯ ಸ್ವಿಚ್ ಇದು. ಬೇಕಿದ್ದರೆ ‘ಚೆಕ್ ಸ್ಪೆಲ್ಲಿಂಗ್ ಬಿಫೋರ್ ಸೆಂಡಿಂಗ್’ಗೂ ಟಿಕ್ ಹಾಕಿ. ಆಗ ‘ಸೆಂಡ್’ ಒತ್ತಿದ ಕೂಡಲೇ ಮೇಲ್ ಹೋಗುವುದಿಲ್ಲ. ತಪ್ಪುಗಳನ್ನು ಒಂದೊಂದಾಗಿ ತೋರಿಸುವ ಪುಟ್ಟ ಕಿಟಕಿ ಮೊದಲು ತೆರೆಯುತ್ತದೆ.

3. ಅಲ್ಲೇ ಭಾಷೆಗಳ ಪಟ್ಟಿ ಇರುತ್ತದೆ. ನಿಮ್ಮ ಭಾಷೆ ಅದರಲ್ಲಿ ಇದೆಯೇ, ಅದನ್ನು ಆರಿಸಿದೆಯೇ ನೋಡಿ. ಪಟ್ಟಿ ಖಾಲಿ ಇದ್ದರೆ ಕಾರಣ ಸಿಕ್ಕಂತೆಯೇ: ಡಿಕ್ಷನರಿ ಇಲ್ಲ. ಡಿಕ್ಷನರಿ ಇಲ್ಲದ ತಪಾಸಣೆಗಾರ ಎಲ್ಲ ಪದಗಳನ್ನೂ ಸುಮ್ಮನೆ ಬಿಟ್ಟುಬಿಡುತ್ತದೆ, ‘ನನ್ನ ಬಳಿ ಪಟ್ಟಿ ಇಲ್ಲ’ ಎಂದು ಹೇಳುವುದಿಲ್ಲ.

4. ಮೇಲ್ ಬರೆಯುವ ಕಿಟಕಿಗೆ ಮರಳಿ, ಪತ್ರದ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ. ಮೆನುವಿನಲ್ಲಿ ‘ಚೆಕ್ ಸ್ಪೆಲ್ಲಿಂಗ್’ ಎಂಬುದರ ಮುಂದೆ ಟಿಕ್ ಇರಬೇಕು. ಇದು ಆ ಕಿಟಕಿಯ ಸ್ವಿಚ್. ಸೆಟ್ಟಿಂಗ್ಸ್‌ನಲ್ಲಿ ಚಾಲೂ ಇದ್ದರೂ ಇಲ್ಲಿ ಕೈತಪ್ಪಿ ತೆಗೆದಿರಬಹುದು.

5. ಡಿಕ್ಷನರಿ ಬೇಕಿದ್ದರೆ ಅದೇ ರೈಟ್ ಕ್ಲಿಕ್ ಮೆನುವಿನ ‘ಲ್ಯಾಂಗ್ವೇಜಸ್’ ಒಳಗೆ ‘ಆ್ಯಡ್ ಡಿಕ್ಷನರೀಸ್’ ಇದೆ. ಸೆಟ್ಟಿಂಗ್ಸ್‌ನ ಸ್ಪೆಲ್ಲಿಂಗ್ ಭಾಗದಲ್ಲೂ ಇನ್ನಷ್ಟು ಡಿಕ್ಷನರಿ ಇಳಿಸಿಕೊಳ್ಳುವ ಕೊಂಡಿ ಇದೆ. ಇಳಿಸಿಕೊಂಡ ಮೇಲೆ ‘ಆ್ಯಡ್-ಆನ್ಸ್ ಆ್ಯಂಡ್ ಥೀಮ್ಸ್’ ಪುಟದ ‘ಡಿಕ್ಷನರೀಸ್’ ವಿಭಾಗದಲ್ಲಿ ಅದು ಚಾಲೂ ಇದೆಯೇ ಖಚಿತ ಮಾಡಿಕೊಳ್ಳಿ.

6. ‘ಹಳೆಯ ಕಂಪ್ಯೂಟರಿನಲ್ಲಿ ಇತ್ತು, ಅಪ್‌ಡೇಟ್ ಆದ ಮೇಲೆ ಮಾಯವಾಯಿತು’ ಎನ್ನುವವರು ಒಂದು ವಿಷಯ ಗಮನಿಸಿ. 2019ರಲ್ಲಿ ಬಂದ 68ನೆಯ ಆವೃತ್ತಿಯಿಂದ ಡಿಕ್ಷನರಿಗಳನ್ನು ಕಟ್ಟಿಕೊಡುವ ವಿಧಾನವೇ ಬದಲಾಯಿತು. ಹಳೆಯ ವಿಧಾನದ ಡಿಕ್ಷನರಿಗಳು ಅಲ್ಲಿಂದ ಮುಂದೆ ನಡೆಯುವುದಿಲ್ಲ. ಹಳೆಯದನ್ನು ತೆಗೆದು, ಆ್ಯಡ್-ಆನ್ ತಾಣದಿಂದ ಹೊಸದನ್ನೇ ಹಾಕಿಕೊಳ್ಳಬೇಕು.

7. ಇಷ್ಟಾದರೂ ಗೆರೆ ಬೀಳದಿದ್ದರೆ ‘ಹೆಲ್ಪ್’ ಮೆನುವಿನಿಂದ ‘ಟ್ರಬಲ್‌ಶೂಟ್ ಮೋಡ್’ನಲ್ಲಿ ಮತ್ತೆ ಶುರುಮಾಡಿ. ಇದರಲ್ಲಿ ನೀವು ಸೇರಿಸಿದ ಆ್ಯಡ್-ಆನ್‌ಗಳು ತಾತ್ಕಾಲಿಕವಾಗಿ ಸುಮ್ಮನಾಗುತ್ತವೆ. ಪ್ರೋಗ್ರಾಂ ಜೊತೆಗೇ ಬಂದ ಇಂಗ್ಲಿಷ್ ಡಿಕ್ಷನರಿಯಿಂದ ಅರ್ಧ ನಿಮಿಷದ ಪರೀಕ್ಷೆಯನ್ನು ಮತ್ತೆ ಮಾಡಿ. ಈಗ ಗೆರೆ ಬಿದ್ದರೆ ತಪ್ಪಿತಸ್ಥ ಯಾವುದೋ ಒಂದು ಆ್ಯಡ್-ಆನ್. ಮಾಮೂಲಿ ಸ್ಥಿತಿಗೆ ಬಂದು, ಎಲ್ಲ ಆ್ಯಡ್-ಆನ್‌ಗಳನ್ನೂ ನಿಲ್ಲಿಸಿ, ಒಂದೊಂದಾಗಿ ಚಾಲೂ ಮಾಡುತ್ತ ಹೋದರೆ ಅದು ಸಿಕ್ಕಿಬೀಳುತ್ತದೆ.

ಕೆಲವು ಸಾಲುಗಳಿಗೆ ಮಾತ್ರ ಗೆರೆ ಬೀಳುವುದಿಲ್ಲ ಏಕೆ?

ಒಂದು ಉತ್ತರ ಬರೆಯುತ್ತಿದ್ದೀರಿ. ನೀವು ಬರೆದ ಸಾಲುಗಳಲ್ಲಿ ತಪ್ಪಿಗೆ ಗೆರೆ ಬೀಳುತ್ತದೆ, ಕೆಳಗಿರುವ ಮೂಲ ಪತ್ರದಲ್ಲಿ ತಪ್ಪು ರಾಶಿ ಇದ್ದರೂ ಬೀಳುವುದಿಲ್ಲ. ಇದು ಬೇಕೆಂದೇ ಮಾಡಿದ ಏರ್ಪಾಡು. ಉಲ್ಲೇಖವಾಗಿ ಬಂದ ಹಳೆಯ ಪತ್ರ, ಕೊನೆಯ ಸಹಿ, ಇಮೇಲ್ ವಿಳಾಸ ಮತ್ತು ವೆಬ್ ಕೊಂಡಿಗಳನ್ನು ತಪಾಸಣೆಗಾರ ಬಿಟ್ಟುಬಿಡುತ್ತದೆ. ಬೇರೆಯವರ ಕಾಗುಣಿತವನ್ನು ನೀವು ತಿದ್ದಬೇಕಿಲ್ಲವಲ್ಲ.

ಇದರಲ್ಲಿ ಒಂದು ಅಪಾಯವೂ ಇದೆ. ಎಷ್ಟೋ ಜನ ಮೂಲ ಪತ್ರದ ನಡುನಡುವೆಯೇ ಉತ್ತರ ತುಂಬುತ್ತಾರೆ. ಉಲ್ಲೇಖದ ಪಕ್ಕದಲ್ಲಿ ಕಾಣುವ ಉದ್ದನೆಯ ಗೆರೆಯ ಒಳಗೇ ನೀವು ಬರೆದರೆ ಆ ಮಾತೂ ‘ಹಳೆಯ ಪತ್ರ’ ಎಂದೇ ಲೆಕ್ಕ. ತಪ್ಪು ತೋರಿಸುವುದಿಲ್ಲ. ಉಲ್ಲೇಖದ ನಡುವೆ ಎಂಟರ್ ಒತ್ತಿ ಅದನ್ನು ಎರಡಾಗಿ ಸೀಳಿ, ಗೆರೆಯಿಲ್ಲದ ಖಾಲಿ ಜಾಗದಲ್ಲಿ ಬರೆಯಿರಿ.

ಸಹಿಯದ್ದೂ ಅದೇ ಕತೆ. ಸಹಿಯಲ್ಲಿರುವ ಹುದ್ದೆಯ ಹೆಸರಿನಲ್ಲಿ ತಪ್ಪಿದ್ದರೆ ಅದು ಪ್ರತಿ ಪತ್ರದ ಜೊತೆಗೂ ಊರೂರು ಸುತ್ತುತ್ತದೆ, ಯಾರೂ ಎಚ್ಚರಿಸುವುದಿಲ್ಲ. ಒಮ್ಮೆ ಆ ಸಾಲುಗಳನ್ನು ಹೊಸ ಪತ್ರದ ನಡುವೆ ಅಂಟಿಸಿ, ಗೆರೆ ಬೀಳುತ್ತದೆಯೇ ನೋಡಿ ತಿದ್ದಿಕೊಳ್ಳಿ.

ಎಲ್ಲೆಲ್ಲೂ ಕೆಂಪು: ಇಂಗ್ಲಿಷಿನಲ್ಲಿ

ಅಮೆರಿಕದ ಇಂಗ್ಲಿಷ್ ಆವೃತ್ತಿಯ ಥಂಡರ್‌ಬರ್ಡ್ ಇಳಿಸಿಕೊಂಡರೆ ಅದರ ಜೊತೆ ಬರುವುದು ಅಮೆರಿಕದ ಡಿಕ್ಷನರಿ. ನಾವು ಶಾಲೆಯಲ್ಲಿ ಕಲಿತದ್ದು ಬ್ರಿಟಿಷ್ ಕಾಗುಣಿತ. ‘ಕಲರ್’ ಪದದಲ್ಲಿ ‘ಯು’ ಬರೆದರೆ, ‘ಆರ್ಗನೈಸೇಷನ್’ ಪದದಲ್ಲಿ ‘ಝಡ್’ ಬದಲು ‘ಎಸ್’ ಬರೆದರೆ ಕೆಂಪು ಗೆರೆ ಬೀಳುವುದು ಇದರಿಂದಲೇ. ನೀವು ತಪ್ಪು ಬರೆದಿಲ್ಲ, ಪಟ್ಟಿ ಬೇರೆ ದೇಶದ್ದು. ‘ಇಂಗ್ಲಿಷ್, ಯುನೈಟೆಡ್ ಕಿಂಗ್‌ಡಂ’ ಡಿಕ್ಷನರಿ ಸೇರಿಸಿ ಅದನ್ನು ಆರಿಸಿದರೆ ಈ ಗೆರೆಗಳು ಹೋಗುತ್ತವೆ.

ಭಾಷೆಯ ಆಯ್ಕೆ ಎರಡು ಹಂತದಲ್ಲಿ ನಡೆಯುತ್ತದೆ ಎಂಬುದನ್ನು ನೆನಪಿಡಿ. ಸೆಟ್ಟಿಂಗ್ಸ್‌ನಲ್ಲಿ ಆರಿಸಿದ್ದು ಮುಂದಿನ ಹೊಸ ಪತ್ರಗಳಿಗೆಲ್ಲ. ಬರೆಯುವ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಬಲಮೂಲೆಗೆ ಕಾಣುವ ಭಾಷೆಯ ಹೆಸರನ್ನು ಒತ್ತಿ ಆರಿಸಿದ್ದು ಆ ಒಂದು ಪತ್ರಕ್ಕೆ ಮಾತ್ರ. ‘ನಿನ್ನೆ ಬದಲಾಯಿಸಿದ್ದೆ, ಇವತ್ತು ಮತ್ತೆ ಹಳೆಯದಕ್ಕೇ ಹೋಗಿದೆ’ ಎಂಬ ದೂರಿಗೆ ಕಾರಣ ಇದು.

ಡ್ರಾಫ್ಟ್‌ಗಳದ್ದು ಇನ್ನೊಂದು ಬಗೆ. ಪತ್ರವನ್ನು ಉಳಿಸುವಾಗ ಅದರ ಭಾಷೆಯೂ ಒಳಗೆ ದಾಖಲಾಗುತ್ತದೆ. ಅದನ್ನು ಮತ್ತೆ ತೆರೆದಾಗ ಆ ಭಾಷೆಯೇ ಮರಳಿ ಬರುತ್ತದೆ. ಹಳೆಯ ಟೆಂಪ್ಲೇಟ್ ಒಂದನ್ನು ವರ್ಷಗಟ್ಟಲೆ ಬಳಸುತ್ತಿದ್ದರೆ, ಅದರಲ್ಲಿ ಹಳೆಯ ಭಾಷೆಯೇ ಕೂತಿರಬಹುದು. ಟೆಂಪ್ಲೇಟ್ ತೆರೆದು, ಭಾಷೆ ಬದಲಿಸಿ, ಮತ್ತೆ ಟೆಂಪ್ಲೇಟ್ ಆಗಿಯೇ ಉಳಿಸಿ.

ಎಲ್ಲೆಲ್ಲೂ ಕೆಂಪು: ಕನ್ನಡದಲ್ಲಿ

ನಮಗೆ ಹೆಚ್ಚು ತಲೆನೋವು ಕೊಡುವುದು ಈ ಭಾಗ. ಕಾರಣಗಳನ್ನು ಒಂದೊಂದಾಗಿ ಬಿಡಿಸೋಣ.

1. ಇಂಗ್ಲಿಷ್ ಡಿಕ್ಷನರಿ ಆರಿಸಿ ಕನ್ನಡ ಬರೆಯುತ್ತಿದ್ದೀರಿ. ಇಂಗ್ಲಿಷ್ ಪಟ್ಟಿಯಲ್ಲಿ ಒಂದೂ ಕನ್ನಡ ಪದ ಇಲ್ಲದ್ದರಿಂದ ಇಡೀ ಪತ್ರ ಕೆಂಪಾಗುತ್ತದೆ. ತುಂಬ ಉದ್ದದ ಪತ್ರವಾದರೆ ಒಂದು ಹಂತದ ನಂತರ ಗೆರೆ ಬೀಳುವುದೇ ನಿಂತುಹೋಗಬಹುದು. ಗೆರೆ ಎಳೆಯುವ ಪದಗಳಿಗೆ ಒಂದು ಮಿತಿಯಿದೆ, ಮೂಲದಲ್ಲಿ ಅದು 500. ‘ಮೊದಲರ್ಧ ಕೆಂಪು, ಉಳಿದರ್ಧ ಸರಿ’ ಎಂದು ಕಂಡರೆ ಉಳಿದರ್ಧ ಸರಿಯಿದೆ ಎಂದು ಅರ್ಥವಲ್ಲ.

2. ಕನ್ನಡ ಡಿಕ್ಷನರಿಯೇ ಇಲ್ಲ. ಆ್ಯಡ್-ಆನ್ ತಾಣದಲ್ಲಿ ಕನ್ನಡಕ್ಕೆ ಹುಡುಕಿ, ನಿಮ್ಮ ಆವೃತ್ತಿಗೆ ಹೊಂದುತ್ತದೆಯೇ ನೋಡಿ ಹಾಕಿಕೊಳ್ಳಿ. ಫೆಡೋರಾ ಲಿನಕ್ಸ್ ಬಳಸುವವರಿಗೆ ‘ಹನ್‌ಸ್ಪೆಲ್-ಕೆಎನ್’ ಎಂಬ ಪ್ಯಾಕೇಜ್ ಇದೆ. ಲಿನಕ್ಸ್‌ನ ಸ್ವಂತ ಭಂಡಾರದಿಂದ ಹಾಕಿಕೊಂಡ ಥಂಡರ್‌ಬರ್ಡ್, ಕಂಪ್ಯೂಟರಿನಲ್ಲಿರುವ ಹನ್‌ಸ್ಪೆಲ್ ಡಿಕ್ಷನರಿಗಳನ್ನು ತಾನೇ ಬಳಸಿಕೊಳ್ಳುತ್ತದೆ. ಫ್ಲ್ಯಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ರೂಪದಲ್ಲಿ ಹಾಕಿಕೊಂಡದ್ದಕ್ಕೆ ಅವು ಕಾಣದಿರಬಹುದು. ಅಂಥ ಕಡೆ ಆ್ಯಡ್-ಆನ್ ದಾರಿಯನ್ನೇ ಹಿಡಿಯಿರಿ.

3. ಎರಡು ಭಾಷೆ ಬೆರೆಸಿ ಬರೆಯುತ್ತೀರಿ. ನಮ್ಮ ಪತ್ರಗಳು ಬಹುಮಟ್ಟಿಗೆ ಹೀಗೇ ಇರುತ್ತವೆ. ಈಚಿನ ಆವೃತ್ತಿಗಳಲ್ಲಿ ಒಂದಕ್ಕಿಂತ ಹೆಚ್ಚು ಭಾಷೆಗೆ ಟಿಕ್ ಹಾಕಬಹುದು. ಕನ್ನಡ, ಇಂಗ್ಲಿಷ್ ಎರಡಕ್ಕೂ ಟಿಕ್ ಹಾಕಿದರೆ ಪದವು ಯಾವುದಾದರೊಂದು ಪಟ್ಟಿಯಲ್ಲಿ ಇದ್ದರೆ ಸಾಕು, ಗೆರೆ ಬೀಳುವುದಿಲ್ಲ. ಆದರೆ ಅಮೆರಿಕದ ಇಂಗ್ಲಿಷಿಗೂ ಬ್ರಿಟನ್ನಿನ ಇಂಗ್ಲಿಷಿಗೂ ಒಟ್ಟಿಗೆ ಟಿಕ್ ಹಾಕಬೇಡಿ. ಒಂದೇ ಪತ್ರದಲ್ಲಿ ಎರಡೂ ಕಾಗುಣಿತ ಬೆರೆತರೂ ಆಗ ಗೊತ್ತಾಗುವುದಿಲ್ಲ.

4. ಅಕ್ಷರ ಕನ್ನಡದಂತೆ ಕಾಣುತ್ತದೆ, ಆದರೆ ಕನ್ನಡವಲ್ಲ. ಹಳೆಯ ನುಡಿ ಅಥವಾ ಬರಹ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ, ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರಗಳ, ತಲೆಯ ಮೇಲೆ ಚುಕ್ಕೆ-ಗೆರೆ ಹೊತ್ತ ಲ್ಯಾಟಿನ್ ಅಕ್ಷರಗಳ ರಾಶಿ. ಫಾಂಟು ಮಾತ್ರ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಪತ್ರ ಪಡೆದವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅವರಿಗೆ ಕಾಣುವುದು ಆ ರಾಶಿಯೇ. ಪರೀಕ್ಷೆ ಸುಲಭ: ಒಂದು ಸಾಲನ್ನು ನೋಟ್‌ಪ್ಯಾಡಿಗೆ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಯುನಿಕೋಡ್, ಕಲಸುಮೇಲೋಗರವಾದರೆ ಆಸ್ಕಿ. ಆಸ್ಕಿಯಾಗಿದ್ದರೆ ಕನ್ವರ್ಟರ್ ಬಳಸಿ ಯುನಿಕೋಡ್‌ಗೆ ಬದಲಾಯಿಸಿ, ಆಮೇಲೆ ತಪಾಸಣೆ.

5. ಅನುಸ್ವಾರದ ಜಾಗದಲ್ಲಿ ಸೊನ್ನೆ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ಎರಡನ್ನೂ ನೋಡಿ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿ ಸೊನ್ನೆ. ಯುನಿಕೋಡ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ಸಂಕೇತ. ಆದ್ದರಿಂದ ಎರಡನೆಯ ‘ಬೆಂಗಳೂರು’ ಯಾವ ಪದಪಟ್ಟಿಗೂ ಹೊಂದುವುದಿಲ್ಲ, ನಾಳೆ ಮೇಲ್‌ಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ಅನುಸ್ವಾರ ಇರುವ ಪದಗಳಿಗೇ ಸಾಲಾಗಿ ಗೆರೆ ಬೀಳುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನು. ‘ಎಡಿಟ್’ ಮೆನುವಿನ ಫೈಂಡ್-ರೀಪ್ಲೇಸ್‌ನಲ್ಲಿ ಸೊನ್ನೆಯನ್ನು ಹುಡುಕಿ ಅನುಸ್ವಾರ ಹಾಕಬಹುದು. ಪತ್ರದಲ್ಲಿ ‘೨೦೨೫’ ಎಂಬಂಥ ಕನ್ನಡ ಅಂಕಿಗಳಿದ್ದರೆ ಮಾತ್ರ ಎಲ್ಲವನ್ನೂ ಒಂದೇ ಏಟಿಗೆ ಬದಲಿಸಬೇಡಿ, ಅಂಕಿಗಳೂ ಹಾಳಾಗುತ್ತವೆ.

6. ಕಣ್ಣಿಗೆ ಕಾಣದ ಅಕ್ಷರ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಮತ್ತು ‘ವೇ’ ಒಂದಾಗಿ ಒತ್ತಕ್ಷರ ಆಗದಿರಲೆಂದು ನಡುವೆ ಒಂದು ಅದೃಶ್ಯ ಅಕ್ಷರ ಹಾಕುತ್ತೇವೆ. ಅದನ್ನು ಕಡೆಗಣಿಸು ಎಂದು ಡಿಕ್ಷನರಿಯ ನಿಯಮಗಳಲ್ಲಿ ಹೇಳಿಲ್ಲದಿದ್ದರೆ, ಅದು ಇರುವ ಪದ ಮತ್ತು ಇಲ್ಲದ ಪದ ಬೇರೆ ಬೇರೆ ಎಂದೇ ಲೆಕ್ಕ. ವೆಬ್ ಪುಟಗಳಿಂದ ನಕಲು ಮಾಡಿದ ಪದಗಳ ಕೊನೆಯಲ್ಲೂ ಇದು ಕೆಲವೊಮ್ಮೆ ಅಂಟಿಕೊಂಡು ಬರುತ್ತದೆ. ಸರಿಯಾಗಿ ಕಾಣುವ ಪದಕ್ಕೆ ಗೆರೆ ಬಿದ್ದರೆ, ಅದನ್ನು ಅಳಿಸಿ ನೀವೇ ಹೊಸದಾಗಿ ಟೈಪ್ ಮಾಡಿ ನೋಡಿ.

7. ಪದ ಸರಿ, ಪಟ್ಟಿ ಚಿಕ್ಕದು. ಮೇಲಿನ ಆರೂ ಅಲ್ಲದಿದ್ದರೆ ಉಳಿಯುವುದು ಇದೇ. ‘ಮನೆ’ ಗೊತ್ತಿರುತ್ತದೆ, ‘ಮನೆಯಲ್ಲಿದ್ದವರಿಗೂ’ ಗೊತ್ತಿರುವುದಿಲ್ಲ. ಸಂಧಿಯಾಗಿ ಬೆಸೆದ ಪದಗಳು, ಊರುಗಳ ಹೆಸರು, ಮನೆತನದ ಹೆಸರುಗಳು ಹೀಗೆ ಸಿಕ್ಕಿಬೀಳುತ್ತವೆ. ಕನ್ನಡದಲ್ಲಿ ಕೆಂಪು ಗೆರೆಯನ್ನು ‘ತಪ್ಪು’ ಎಂದು ಓದಬಾರದು, ‘ಇನ್ನೊಮ್ಮೆ ನೋಡು’ ಎಂದು ಓದಬೇಕು.

ನಿಮ್ಮದೇ ಪದಪಟ್ಟಿ

ಪದೇ ಪದೇ ಬರೆಯುವ ಹೆಸರುಗಳಿಗೆ ಗೆರೆ ಬೀಳುತ್ತಿದ್ದರೆ, ಆ ಪದದ ಮೇಲೆ ರೈಟ್ ಕ್ಲಿಕ್ ಮಾಡಿ ‘ಆ್ಯಡ್ ಟು ಡಿಕ್ಷನರಿ’ ಒತ್ತಿ. ಮುಂದೆ ಅದು ಸರಿಯಾದ ಪದ. ಈ ಪಟ್ಟಿಯ ಬಗ್ಗೆ ಮೂರು ಸಂಗತಿ ಗೊತ್ತಿರಲಿ.

ಮೊದಲನೆಯದು, ಇದಕ್ಕೆ ಪ್ರತ್ಯಯದ ನಿಯಮಗಳು ಗೊತ್ತಿಲ್ಲ. ‘ಸಾಗರ’ ಸೇರಿಸಿದರೆ ‘ಸಾಗರದಲ್ಲಿ’, ‘ಸಾಗರದಿಂದ’ ಸೇರಿದಂತಾಗುವುದಿಲ್ಲ. ನೀವು ನಿತ್ಯ ಬಳಸುವ ರೂಪಗಳನ್ನು ಬೇರೆ ಬೇರೆಯಾಗಿಯೇ ಸೇರಿಸಬೇಕು.

ಎರಡನೆಯದು, ಪಟ್ಟಿ ಎಲ್ಲ ಭಾಷೆಗಳಿಗೂ ಒಂದೇ. ಕನ್ನಡ ಬರೆಯುವಾಗ ಸೇರಿಸಿದ ಪದ ಇಂಗ್ಲಿಷ್ ಪತ್ರದಲ್ಲೂ ಪಾಸಾಗುತ್ತದೆ.

ಮೂರನೆಯದು, ತಪ್ಪು ಪದವೂ ಇದರೊಳಗೆ ಸೇರಬಹುದು. ಮೆನುವಿನಲ್ಲಿ ಸರಿಯಾದ ಸಲಹೆಯ ಮೇಲೆ ಒತ್ತಲು ಹೋಗಿ ‘ಆ್ಯಡ್ ಟು ಡಿಕ್ಷನರಿ’ ಮೇಲೆ ಬೆರಳು ಜಾರಿದರೆ, ಅಲ್ಲಿಂದ ಮುಂದೆ ಆ ತಪ್ಪಿಗೆ ಗೆರೆಯೇ ಬೀಳುವುದಿಲ್ಲ. ‘ಬೇರೆ ತಪ್ಪುಗಳನ್ನೆಲ್ಲ ಹಿಡಿಯುತ್ತದೆ, ಇದೊಂದನ್ನು ಮಾತ್ರ ಹಿಡಿಯುವುದಿಲ್ಲ’ ಎಂದರೆ ಕಾರಣ ಬಹುತೇಕ ಇದೇ. ಲೇಖನದ ಮೊದಲಲ್ಲಿ ಹೇಳಿದ ‘ರಿಸೀವ್’ ಹೀಗೂ ತಪ್ಪಿಸಿಕೊಂಡಿರಬಹುದು.

ಸೇರಿದ ತಪ್ಪನ್ನು ತೆಗೆಯುವುದು ಹೀಗೆ:

1. ಬರೆಯುವ ಕಿಟಕಿಯಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ‘ಪಿ’ ಒಟ್ಟಿಗೆ ಒತ್ತಿ, ಇಲ್ಲವೇ ‘ಸ್ಪೆಲ್ಲಿಂಗ್’ ಗುಂಡಿ ಒತ್ತಿ. ತಪಾಸಣೆಯ ಕಿಟಕಿ ತೆರೆಯುತ್ತದೆ.
2. ‘ಪರ್ಸನಲ್ ಡಿಕ್ಷನರಿ’ ಪಕ್ಕದ ‘ಎಡಿಟ್’ ಒತ್ತಿ. ನೀವು ಈವರೆಗೆ ಸೇರಿಸಿದ ಪದಗಳೆಲ್ಲ ಕಾಣುತ್ತವೆ.
3. ತಪ್ಪು ಪದವನ್ನು ಆರಿಸಿ ತೆಗೆದುಹಾಕಿ, ಕಿಟಕಿ ಮುಚ್ಚಿ.

ತಪ್ಪುಗಳು ಬಹಳ ಇದ್ದರೆ ಕಡತವನ್ನೇ ತೆರೆದು ತಿದ್ದಬಹುದು. ‘ಹೆಲ್ಪ್’ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್’ ಪುಟದಲ್ಲಿ ಪ್ರೊಫೈಲ್ ಫೋಲ್ಡರ್ ತೆರೆಯುವ ಗುಂಡಿ ಇದೆ. ಅದರೊಳಗೆ ‘ಪರ್ಸ್‌ಡಿಕ್ಟ್’ ಎಂದು ಶುರುವಾಗಿ ‘ಡಾಟ್ ಡಿಎಟಿ’ ಎಂದು ಮುಗಿಯುವ ಕಡತ ಹುಡುಕಿ. ಥಂಡರ್‌ಬರ್ಡ್ ಪೂರ್ತಿ ಮುಚ್ಚಿದ ಮೇಲೆ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾಲಿಗೊಂದು ಪದ ಇರುತ್ತದೆ. ಬೇಡದ ಸಾಲು ಅಳಿಸಿ, ಯುಟಿಎಫ್-8 ರೂಪದಲ್ಲೇ ಉಳಿಸಿ. ಹೊಸ ಕಂಪ್ಯೂಟರಿಗೆ ಹೋಗುವಾಗ ಈ ಒಂದು ಕಡತವನ್ನು ನಕಲು ಮಾಡಿಕೊಂಡರೆ, ಸೇರಿಸಿದ ಪದಗಳೆಲ್ಲ ಜೊತೆಗೆ ಬರುತ್ತವೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

* ಮತ್ತೆ ಇನ್‌ಸ್ಟಾಲ್ ಮಾಡುವುದು. ನಿಮ್ಮ ಆಯ್ಕೆಗಳು, ಪದಪಟ್ಟಿ, ಆ್ಯಡ್-ಆನ್‌ಗಳೆಲ್ಲ ಇರುವುದು ಪ್ರೊಫೈಲ್ ಫೋಲ್ಡರಿನಲ್ಲಿ. ಪ್ರೋಗ್ರಾಂ ತೆಗೆದರೂ ಆ ಫೋಲ್ಡರ್ ಹಾಗೇ ಉಳಿಯುತ್ತದೆ, ಹೊಸ ಪ್ರೋಗ್ರಾಂ ಅದನ್ನೇ ಮತ್ತೆ ಓದುತ್ತದೆ.
* ಲ್ಯಾಂಗ್ವೇಜ್ ಪ್ಯಾಕನ್ನು ಡಿಕ್ಷನರಿ ಎಂದುಕೊಳ್ಳುವುದು. ಲ್ಯಾಂಗ್ವೇಜ್ ಪ್ಯಾಕ್ ಬದಲಿಸುವುದು ಮೆನುಗಳ ಭಾಷೆಯನ್ನು. ಕಾಗುಣಿತ ನೋಡಲು ಬೇಕಾದ್ದು ಡಿಕ್ಷನರಿ. ಹೆಸರು ನೋಡಿ ಇಳಿಸಿಕೊಳ್ಳಿ.
* ಬೇರೆ ಪ್ರೋಗ್ರಾಂನ ಡಿಕ್ಷನರಿಯನ್ನು ನಂಬುವುದು. ಫೈರ್‌ಫಾಕ್ಸ್‌ನಲ್ಲಿ ಹಾಕಿಕೊಂಡ ಆ್ಯಡ್-ಆನ್ ಥಂಡರ್‌ಬರ್ಡ್‌ಗೆ ಕಾಣುವುದಿಲ್ಲ. ಇಲ್ಲಿ ಬೇರೆಯಾಗಿಯೇ ಹಾಕಿಕೊಳ್ಳಬೇಕು.
* ಬೇಸತ್ತು ತಪಾಸಣೆಯನ್ನೇ ನಿಲ್ಲಿಸಿಬಿಡುವುದು. ಕನ್ನಡ ಪತ್ರಕ್ಕೆ ಗೆರೆ ಬೇಡವಾದರೆ ಆ ಒಂದು ಕಿಟಕಿಯಲ್ಲಿ ರೈಟ್ ಕ್ಲಿಕ್ ಮಾಡಿ ಟಿಕ್ ತೆಗೆಯಿರಿ. ಸೆಟ್ಟಿಂಗ್ಸ್‌ನಲ್ಲೇ ತೆಗೆದರೆ ಇಂಗ್ಲಿಷ್ ಪತ್ರದ ತಪ್ಪುಗಳೂ ತಪ್ಪಿಸಿಕೊಳ್ಳುತ್ತವೆ.

ಎಚ್ಚರಿಕೆಗಳು

ಪ್ರೊಫೈಲ್ ಫೋಲ್ಡರಿನಲ್ಲಿ ನಿಮ್ಮ ಪತ್ರಗಳೂ ಪಾಸ್‌ವರ್ಡುಗಳೂ ಇರುತ್ತವೆ. ಅದರೊಳಗೆ ಯಾವುದನ್ನೇ ಮುಟ್ಟುವ ಮೊದಲು ಪ್ರೋಗ್ರಾಂ ಮುಚ್ಚಿ, ಇಡೀ ಫೋಲ್ಡರಿನ ಒಂದು ನಕಲು ಬೇರೆಡೆ ಇಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನ ಕೊನೆಯಲ್ಲಿ ಕಾಣುವ ‘ಕಾನ್ಫಿಗ್ ಎಡಿಟರ್’ನಲ್ಲಿ ಹೆಸರು ಗೊತ್ತಿಲ್ಲದ ಯಾವುದನ್ನೂ ಬದಲಿಸಬೇಡಿ.

ಡಿಕ್ಷನರಿಗಳನ್ನು ಥಂಡರ್‌ಬರ್ಡ್‌ನ ಆ್ಯಡ್-ಆನ್ ತಾಣದಿಂದಲೇ ಇಳಿಸಿಕೊಳ್ಳಿ. ಯಾರೋ ವಾಟ್ಸ್ಆ್ಯಪಿನಲ್ಲಿ ಕಳಿಸಿದ ಕಡತ ಬೇಡ.

ಹನ್‌ಸ್ಪೆಲ್ ಕೆಲಸ ಮಾಡುವುದು ನಿಮ್ಮ ಕಂಪ್ಯೂಟರಿನೊಳಗೇ. ಪತ್ರದ ಒಂದು ಅಕ್ಷರವೂ ಅದಕ್ಕಾಗಿ ಹೊರಗೆ ಹೋಗುವುದಿಲ್ಲ. ಅದರ ಬದಲು ವೆಬ್ಬಿನ ತಿದ್ದುವ ಸೇವೆಗಳಿಗೆ ಪತ್ರ ಅಂಟಿಸಿದರೆ, ಆ ಪತ್ರವನ್ನು ಇನ್ನೊಬ್ಬರ ಕಂಪ್ಯೂಟರಿಗೆ ಕಳಿಸಿದಂತೆಯೇ ಆಯಿತು. ಸಂಬಳ, ಕಾಯಿಲೆ, ಕೋರ್ಟು ವ್ಯವಹಾರದ ಪತ್ರಗಳಲ್ಲಿ ಇದು ನೆನಪಿರಲಿ.

ಗೆರೆ ಹೋಯಿತು, ತಪ್ಪು ಹೋಯಿತೇ?

ಎಲ್ಲವೂ ಸರಿಯಾಗಿ ಚಾಲೂ ಆದ ಮೇಲೂ ಒಂದು ಬಗೆಯ ತಪ್ಪು ಉಳಿದೇ ಉಳಿಯುತ್ತದೆ. ತಪ್ಪಾಗಿ ಬರೆದದ್ದು ಇನ್ನೊಂದು ಸರಿಯಾದ ಪದವಾಗಿಬಿಟ್ಟರೆ ಪಟ್ಟಿ ಅದನ್ನು ಹಿಡಿಯಲಾರದು. ಇಂಗ್ಲಿಷಿನಲ್ಲಿ ‘ಫ್ರಮ್’ ಬರೆಯಲು ಹೋಗಿ ‘ಫಾರ್ಮ್’ ಆಗುವುದು ಇಂಥದ್ದು. ಕನ್ನಡದಲ್ಲಿ ಇದರ ಪರಿಣಾಮ ಇನ್ನೂ ಜೋರು. ‘ಆದರದ ಸ್ವಾಗತ’ ಎಂದು ಬರೆಯುವಾಗ ‘ಆ’ ಹೋಗಿ ‘ಹಾ’ ಬಂದರೆ, ಎರಡೂ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ, ಒಂದು ಗೆರೆಯೂ ಬೀಳದೆ ಆಹ್ವಾನ ಪತ್ರ ಎಲ್ಲರಿಗೂ ತಲುಪುತ್ತದೆ.

ಹಾಗಾಗಿ ತಪಾಸಣೆ ಮುಗಿದ ಮೇಲೆ ಪತ್ರವನ್ನು ಒಮ್ಮೆ ತುಟಿಯಾಡಿಸಿ ಓದಿ. ಜೊತೆಗೆ ಸ್ಪೆಲ್ ಚೆಕ್ ಎಂದೂ ನೋಡದ ಮೂರು ವಿಷಯಗಳನ್ನು ನೀವೇ ನೋಡಿ: ವಿಳಾಸ ಸರಿಯಿದೆಯೇ, ತಾರೀಖು ಮತ್ತು ಮೊತ್ತ ಸರಿಯಿವೆಯೇ, ‘ಲಗತ್ತಿಸಿದ್ದೇನೆ’ ಎಂದು ಬರೆದ ಕಡತ ನಿಜಕ್ಕೂ ಲಗತ್ತಾಗಿದೆಯೇ? ಇವು ಸರಿಯಿದ್ದರೆ ‘ಸೆಂಡ್’ ಒತ್ತಿ. ಮುಂದಿನ ಬಾರಿ ಗೆರೆ ಕೈಕೊಟ್ಟಾಗ ಇನ್‌ಸ್ಟಾಲರ್ ಹುಡುಕಬೇಡಿ. ಮೊದಲು ಕಿಟಕಿಯ ಕೆಳಗಿನ ಬಲಮೂಲೆಯಲ್ಲಿ ಯಾವ ಭಾಷೆಯ ಹೆಸರಿದೆ ಎಂದು ನೋಡಿ.